ಭಲಸ್ವಾ ಬೆಟ್ಟದ ಆರೋಪಿ ಯಾರು?

ದೆಹಲಿಯ ವಾಯವ್ಯ ಭಾಗದಲ್ಲಿರುವ ರೋಹಿಣಿ ಉಪನಗರದ 14ನೆಯ ಸೆಕ್ಟರಿನಲ್ಲಿ ಜಿಲ್ಲಾ ನ್ಯಾಯಾಲಯಗಳ ದೊಡ್ಡ ಸಂಕೀರ್ಣವಿದೆ. ಮೊಬೈಲು ಕದ್ದವನು, ಚೆಕ್ಕು ಬೌನ್ಸ್ ಆದವನು, ನೆರೆಯವನ ತಲೆಯೊಡೆದವನು, ಎಲ್ಲರೂ ಅಲ್ಲಿನ ಕಟಕಟೆಯಲ್ಲಿ ನಿಂತು ಉತ್ತರ ಕೊಡಬೇಕು. ಅಲ್ಲಿಂದ ಕೆಲವೇ ಕಿಲೋಮೀಟರು ಪೂರ್ವಕ್ಕೆ ಹೋದರೆ ಭಲಸ್ವಾ ಎಂಬಲ್ಲಿ ಒಂದು ಬೆಟ್ಟ ಕಾಣುತ್ತದೆ. ಅದು ನಿಸರ್ಗದ ಬೆಟ್ಟವಲ್ಲ, ರಾಜಧಾನಿಯ ಕಸದ ಬೆಟ್ಟ. ಅದರಿಂದ ನಂಜಾದ ಅಂತರ್ಜಲಕ್ಕೂ ಉಸಿರು ಕಟ್ಟಿಸುವ ಹೊಗೆಗೂ ಆ ನ್ಯಾಯಾಲಯದ ಕಟಕಟೆಯಲ್ಲಿ ಉತ್ತರ ಕೊಡಬೇಕಾದ ಆರೋಪಿ ಇಲ್ಲ.

ಭಲಸ್ವಾದಲ್ಲಿ ಕಸ ಸುರಿಯಲು ಆರಂಭಿಸಿದ್ದು 1994ರಲ್ಲಿ. ಒಂದೂವರೆ ದಶಕ ಕಳೆಯುವ ಮೊದಲೇ ಆ ಜಾಗದ ಧಾರಣಶಕ್ತಿ ಮುಗಿದಿತ್ತು. ಮುಗಿದಿದೆಯೆಂಬುದು ಸುರಿಯುವವರಿಗೂ ಗೊತ್ತಿತ್ತು, ಸುರಿಸುವವರಿಗೂ ಗೊತ್ತಿತ್ತು. ಆದರೂ ಲಾರಿಗಳು ನಿಲ್ಲಲಿಲ್ಲ. 2022ರ ಏಪ್ರಿಲ್ 26ರಂದು ಹೊತ್ತಿಕೊಂಡ ಬೆಂಕಿ ದಿನಗಟ್ಟಲೆ ಆರಲಿಲ್ಲ. ದೆಹಲಿಯ ಗಾಳಿ ಅತ್ಯಂತ ಕೆಟ್ಟಿರುವ 13 ತಾಣಗಳೆಂದು ಸರ್ಕಾರವೇ ಗುರುತಿಸಿದ ಪಟ್ಟಿಯಲ್ಲಿ ರೋಹಿಣಿಯೂ ಇದೆ, ಭಲಸ್ವಾದ ಮಗ್ಗುಲಿನ ಜಹಾಂಗೀರಪುರಿಯೂ ಇದೆ. ಅದೇ ವರ್ಷದ ಅಕ್ಟೋಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಭಲಸ್ವಾ, ಗಾಜಿಪುರ, ಓಖ್ಲಾಗಳ ಸುಮಾರು 3 ಕೋಟಿ ಟನ್ ಕಸವನ್ನು ಲೆಕ್ಕ ಹಿಡಿದು, ದೆಹಲಿ ಸರ್ಕಾರ 900 ಕೋಟಿ ರೂಪಾಯಿ ಪರಿಸರ ಪರಿಹಾರ ತೆರಬೇಕೆಂದು ಆದೇಶಿಸಿತು. ಸರ್ಕಾರದ ಬೊಕ್ಕಸ ಯಾರದು? ಹೊಗೆ ಕುಡಿದ ಪ್ರಜೆಯದೇ. ಪೆಟ್ಟು ತಿಂದವನೇ ದಂಡವನ್ನೂ ಕಟ್ಟುವ ಈ ವಿಚಿತ್ರ ನ್ಯಾಯದಲ್ಲಿ ತಪ್ಪು ಮಾಡಿದ ಮನುಷ್ಯನೊಬ್ಬನು ಎಲ್ಲಿಯೂ ಕಾಣಿಸುವುದಿಲ್ಲ.

ಜಗತ್ತಿನ ಕಾನೂನು ಇಂದು ಹುಡುಕುತ್ತಿರುವುದು ಆ ಮನುಷ್ಯನನ್ನೇ. ಇಂಗ್ಲಿಷಿನಲ್ಲಿ ‘ಇಕೊಸೈಡ್’ ಎಂದು ಹೆಸರಾಗಿರುವ ಪರಿಸರಹತ್ಯೆಯನ್ನು ಜನಾಂಗಹತ್ಯೆಯ ಸಾಲಿನಲ್ಲಿ ಅಂತರರಾಷ್ಟ್ರೀಯ ಅಪರಾಧವೆಂದು ಸಾರಬೇಕೆಂಬ ಒತ್ತಾಯದ ತಿರುಳು ಇಷ್ಟೇ: ನೆಲ, ನೀರು, ಗಾಳಿಗಳನ್ನು ತಿಳಿದೂ ತಿಳಿದೂ ಘೋರವಾಗಿ ಹಾಳು ಮಾಡುವುದು ವ್ಯಾಪಾರದ ಖರ್ಚಲ್ಲ, ಅಪರಾಧ. ಆ ಅಪರಾಧಕ್ಕೆ ಕರ್ತೃವಿದ್ದಾನೆ, ಅವನಿಗೆ ಹೆಸರಿದೆ. ಹಿಂಸೆಗೆ ಕರ್ತೃವಿದ್ದಾನೆಂಬುದನ್ನು ಜೈನರಷ್ಟು ಸೂಕ್ಷ್ಮವಾಗಿ ವಿಚಾರ ಮಾಡಿದ ಇನ್ನೊಂದು ಸಮಾಜವನ್ನು ಕಾಣುವುದು ಕಷ್ಟ. ಆದರೂ ಈ ಒತ್ತಾಯದ ಮುಂಚೂಣಿಯಲ್ಲಿ ಜೈನ ಸಮಾಜ ಇಲ್ಲ. ಇದು ನಾಚಿಕೆಯ ಸಂಗತಿ.

ಈ ಪದಕ್ಕೊಂದು ಇತಿಹಾಸವಿದೆ. ವಿಯೆಟ್ನಾಮಿನ ಕಾಡುಗಳ ಮೇಲೆ ಅಮೆರಿಕದ ವಿಮಾನಗಳು ‘ಏಜೆಂಟ್ ಆರೆಂಜ್’ ಎಂಬ ಎಲೆಯುದುರಿಸುವ ವಿಷವನ್ನು ಸುರಿದಾಗ, ಅದನ್ನು ವರ್ಣಿಸಲು ಸಸ್ಯವಿಜ್ಞಾನಿ ಆರ್ಥರ್ ಗಾಲ್‌ಸ್ಟನ್ 1970ರಲ್ಲಿ ಈ ಪದವನ್ನು ಬಳಸಿದರು. 1972ರ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನದಲ್ಲಿ ಸ್ವೀಡನ್ನಿನ ಪ್ರಧಾನಿ ಓಲೋಫ್ ಪಾಮೆ ಅದನ್ನೇ ಎತ್ತಿ ಆಡಿದರು. 1998ರಲ್ಲಿ ರೋಮ್ ನಗರದಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಶಾಸನ ರೂಪುಗೊಂಡಾಗ, ಪರಿಸರನಾಶಕ್ಕೆ ಅದರಲ್ಲಿ ಸಿಕ್ಕಿದ್ದು ಒಂದು ಉಪವಾಕ್ಯ ಮಾತ್ರ, ಅದೂ ಯುದ್ಧಾಪರಾಧಗಳ ಪಟ್ಟಿಯಲ್ಲಿ. ಎಂದರೆ ಯುದ್ಧದಲ್ಲಿ ಕಾಡು ಸುಟ್ಟರೆ ಅಪರಾಧವಾಗಬಹುದು, ಲಾಭಕ್ಕಾಗಿ ಸುಟ್ಟರೆ ಆಗದು. 2021ರಲ್ಲಿ ಫಿಲಿಪ್ ಸ್ಯಾಂಡ್ಸ್ ಮತ್ತು ಡಿಯೊರ್ ಫಾಲ್ ಸೋ ಅವರ ನೇತೃತ್ವದ ತಜ್ಞರ ಮಂಡಲಿಯು ಈ ಕೊರತೆಯನ್ನು ತುಂಬುವ ವ್ಯಾಖ್ಯೆಯೊಂದನ್ನು ರಚಿಸಿತು. 2024ರ ಸೆಪ್ಟೆಂಬರಿನಲ್ಲಿ ವನುವಾಟು, ಫಿಜಿ, ಸಮೋವಾ ಎಂಬ ಮೂರು ದ್ವೀಪರಾಷ್ಟ್ರಗಳು ಪರಿಸರಹತ್ಯೆಯನ್ನು ಐದನೆಯ ಅಂತರರಾಷ್ಟ್ರೀಯ ಅಪರಾಧವಾಗಿ ಸೇರಿಸಬೇಕೆಂಬ ಪ್ರಸ್ತಾವವನ್ನು ವಿಧಿಪೂರ್ವಕ ಮಂಡಿಸಿದವು. ಅದೇ ವರ್ಷ ಬೆಲ್ಜಿಯಂ ತನ್ನ ದಂಡಸಂಹಿತೆಯಲ್ಲಿ ಈ ಅಪರಾಧವನ್ನು ಸೇರಿಸಿಕೊಂಡಿತು. ವಿಯೆಟ್ನಾಂ ದಶಕಗಳ ಹಿಂದೆಯೇ ಸೇರಿಸಿಕೊಂಡಿತ್ತು.

ತಜ್ಞರ ಆ ವ್ಯಾಖ್ಯೆಯಲ್ಲಿ ಮುಖ್ಯವಾದುವು ಎರಡು ಅಂಶಗಳು. ಮೊದಲನೆಯದು ಹಾನಿಯ ಪ್ರಮಾಣ. ಅದು ತೀವ್ರವಾಗಿರಬೇಕು, ಜೊತೆಗೆ ವ್ಯಾಪಕವೋ ದೀರ್ಘಕಾಲಿಕವೋ ಆಗಿರಬೇಕು. ಎರಡನೆಯದು ಮಾಡಿದವನ ಮನಸ್ಸು. ಇಂಥ ಹಾನಿ ಸಂಭವಿಸುವ ಸಾಧ್ಯತೆ ಬಲವಾಗಿದೆಯೆಂದು ತಿಳಿದೂ ಅವನು ಕಾನೂನು ಮೀರಿಯೋ ಲೆಕ್ಕಿಸದೆಯೋ ಆ ಕೆಲಸ ಮಾಡಿರಬೇಕು. ಈ ಎರಡನೆಯ ಅಂಶವನ್ನು ಓದಿದ ಶ್ರಾವಕನಿಗೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ನೆನಪಾಗದಿರದು. ಉಮಾಸ್ವಾಮಿಗಳು ಹಿಂಸೆಯನ್ನು ಬರಿಯ ಪ್ರಾಣಹಾನಿಯೆಂದು ಹೇಳಲಿಲ್ಲ. ಪ್ರಮತ್ತಯೋಗದಿಂದ, ಅಂದರೆ ಎಚ್ಚರಗೇಡಿತನದಿಂದಲೂ ಕಷಾಯದಿಂದಲೂ ಕೂಡಿದ ಮನೋವಾಕ್ಕಾಯಗಳ ವ್ಯಾಪಾರದಿಂದ ಆದ ಪ್ರಾಣಹಾನಿಯೇ ಹಿಂಸೆ ಎಂದರು. ಕಾಲಡಿಗೆ ಅರಿಯದೆ ಸಿಕ್ಕ ಇರುವೆಗೂ ಲೋಭದಿಂದ ಬತ್ತಿಸಿದ ಕೆರೆಗೂ ಇರುವ ಅಂತರವನ್ನು ಅವರು ಆಗಲೇ ಗುರುತಿಸಿದ್ದರು. ಹೇಗ್ ನಗರದ ನ್ಯಾಯಶಾಸ್ತ್ರಜ್ಞರು ಇಂದು ಚರ್ಚಿಸುತ್ತಿರುವುದು ಅದೇ ಅಂತರವನ್ನು.

ಇನ್ನೊಂದು ಹೋಲಿಕೆಯೂ ಇದೆ. ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ಜೈನಾಚಾರ್ಯರು ಎಣಿಸಿದರು. ಮಾಡಿದವನು, ಮಾಡಿಸಿದವನು, ಮಾಡಿದ್ದನ್ನು ಒಪ್ಪಿದವನು, ಮೂವರಿಗೂ ಕರ್ಮಬಂಧ ತಪ್ಪದು. ರೋಮ್ ಶಾಸನವೂ ಕೈಯಾರೆ ಮಾಡಿದವನನ್ನು ಮಾತ್ರ ಅಪರಾಧಿಯೆನ್ನುವುದಿಲ್ಲ. ಆಜ್ಞೆ ಕೊಟ್ಟವನು, ನೆರವಾದವನು, ತಡೆಯಬಲ್ಲವನಾಗಿದ್ದೂ ತಡೆಯದ ಮೇಲಧಿಕಾರಿ, ಇವರೆಲ್ಲರೂ ಅದರ ಬಲೆಗೆ ಬೀಳುತ್ತಾರೆ. ಇಂದಿನ ಪರಿಸರ ಕಾಯ್ದೆಗಳ ದೊಡ್ಡ ದೋಷವೆಂದರೆ ಅವು ಸಿಕ್ಕಿಬೀಳಿಸುವುದು ಲಾರಿ ಚಾಲಕನನ್ನು, ಇಲ್ಲವೆ ಕಾರ್ಖಾನೆಯ ಮೇಲ್ವಿಚಾರಕನನ್ನು. ಆಡಳಿತ ಮಂಡಳಿಯ ಕೋಣೆಯಲ್ಲಿ ಕುಳಿತ ‘ಕಾರಿತ’ದ ಕರ್ತೃ ಎಂದಿಗೂ ಹೊರಗೇ ಉಳಿಯುತ್ತಾನೆ.

ಇಷ್ಟು ಸೂಕ್ಷ್ಮವಾದ ಶಾಸ್ತ್ರವಿದ್ದೂ ಸಮಾಜ ಸುಮ್ಮನಿರಲು ಕಾರಣವೇನು? ಕಾರಣ ಕಹಿಯಾದದ್ದು. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತೊರೆಯಬೇಕೆಂದೂ ಉಳಿದುವನ್ನು ಆದಷ್ಟು ತಗ್ಗಿಸಬೇಕೆಂದೂ ಹೇಳಲಾಗಿದೆ. ಹೊಟ್ಟೆಪಾಡಿನ ಅನಿವಾರ್ಯಕ್ಕೆ ಕೊಟ್ಟ ಈ ರಿಯಾಯಿತಿಯನ್ನು ವ್ಯಾಪಾರಿ ಸಮಾಜ ಪರವಾನಗಿಯೆಂದು ಓದಿಕೊಂಡಿತು. ರಾತ್ರಿ ಭೋಜನ ಬಿಟ್ಟವನು, ಗೆಡ್ಡೆ ಗೆಣಸು ಮುಟ್ಟದವನು, ನೀರು ಸೋಸಿ ಕುಡಿಯುವವನು, ತನ್ನ ಕಾರ್ಖಾನೆಯ ಕೊಳವೆ ನದಿಗೆ ಬಿಡುವ ನೀರನ್ನು ಮಾತ್ರ ‘ಉದ್ಯೋಗೀ ಹಿಂಸೆ’ಯ ಖಾತೆಗೆ ಬರೆದು ನಿಶ್ಚಿಂತನಾಗುತ್ತಾನೆ. ನದಿ ಸಾಯುತ್ತದೆಂದು ತಿಳಿದ ಮೇಲೂ ಕೊಳವೆಯನ್ನು ತೆರೆದಿಟ್ಟರೆ ಅದು ಉದ್ಯೋಗೀ ಹಿಂಸೆಯಾಗಿ ಉಳಿಯುವುದಿಲ್ಲ. ತಿಳಿವಳಿಕೆ ಬಂದ ಕ್ಷಣದಿಂದ ಅದು ಸಂಕಲ್ಪೀ ಹಿಂಸೆ.

ಹಿಂದಿನವರು ಈ ಜಾಣತನವನ್ನು ಊಹಿಸಿದ್ದರು. ಉಪಾಸಕದಶಾಂಗ ಎಂಬ ಆಗಮದಲ್ಲಿ ಶ್ರಾವಕನು ಮಾಡಬಾರದ ಹದಿನೈದು ಕರ್ಮಾದಾನಗಳ ಪಟ್ಟಿಯಿದೆ. ಮರ ಸುಟ್ಟು ಇದ್ದಿಲು ಮಾಡುವ ಅಂಗಾರಕರ್ಮ, ಕಾಡು ಕಡಿಯುವ ವನಕರ್ಮ, ನೆಲವನ್ನು ಅಗೆದು ಒಡೆಯುವ ಸ್ಫೋಟಕರ್ಮ, ವಿಷವಾಣಿಜ್ಯ, ಕಾಡಿಗೆ ಬೆಂಕಿಯಿಡುವುದು, ಕೆರೆ ಸರೋವರಗಳನ್ನು ಬತ್ತಿಸುವುದು, ಇವೆಲ್ಲ ಅದರಲ್ಲಿವೆ. ದಿಗಂಬರ ಪರಂಪರೆಯಲ್ಲಿ 13ನೆಯ ಶತಮಾನದ ಪಂಡಿತ ಆಶಾಧರರೂ ಖರಕರ್ಮವೆಂಬ ಹೆಸರಿನಲ್ಲಿ ಇವನ್ನು ಚರ್ಚಿಸಿದ್ದಾರೆ. ಸಮಂತಭದ್ರರ ರತ್ನಕರಂಡ ಶ್ರಾವಕಾಚಾರವು ಕಾರಣವಿಲ್ಲದೆ ನೆಲವನ್ನಗೆಯುವುದನ್ನೂ ನೀರು ಚೆಲ್ಲುವುದನ್ನೂ ಬೆಂಕಿ ಹೊತ್ತಿಸುವುದನ್ನೂ ಗಿಡ ಕಡಿಯುವುದನ್ನೂ ಅನರ್ಥದಂಡದ ಒಂದು ಬಗೆಯಾದ ಪ್ರಮಾದಚರ್ಯೆಯೆಂದು ನಿಷೇಧಿಸುತ್ತದೆ. ಈ ಪಟ್ಟಿಗಳನ್ನು ಇಂದು ಪಾಠಶಾಲೆಗಳಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಟ್ರಸ್ಟಿನ ಆಡಳಿತ ಸಭೆಯಲ್ಲಿ ಮಾತ್ರ ಇವನ್ನು ಯಾರೂ ಓದುವುದಿಲ್ಲ.

ಹಳೆಯ ಪಟ್ಟಿಯ ಈ ಪದಗಳು ಇಂದಿನ ಬದುಕಿಗೆ ಎಷ್ಟು ಹತ್ತಿರವೆಂಬುದಕ್ಕೆ ಕನ್ನಡದ ನೆಲದಲ್ಲೇ ಸಾಕ್ಷಿಯಿದೆ. ವಿಷವಾಣಿಜ್ಯಕ್ಕೆ ಸಾಕ್ಷಿ ಕಾಸರಗೋಡು. ಅಲ್ಲಿನ ಗೇರುತೋಟಗಳ ಮೇಲೆ ಕೇರಳದ ಸರ್ಕಾರಿ ಒಡೆತನದ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ತೋಟದ ಕೆಳಗೆ ಊರುಗಳಿದ್ದವು, ಬಾವಿ ಸುರಂಗಗಳಿದ್ದವು, ಕನ್ನಡ ತುಳು ಮಾತಾಡುವ ಎಣ್ಮಕಜೆ ಪಡ್ರೆಗಳ ಮನೆಗಳಿದ್ದವು. ಪತ್ರಕರ್ತ ಶ್ರೀಪಡ್ರೆ ಮೊದಲಿಗೇ ಎಚ್ಚರಿಸಿದರು, ವೈದ್ಯ ಮೋಹನ ಕುಮಾರ್ ತಮ್ಮ ರೋಗಿಗಳನ್ನು ಕಂಡು ಜಗತ್ತಿಗೆ ಹೇಳಿದರು. ಎಚ್ಚರಿಕೆ ಬಂದ ಮೇಲೂ ಸಿಂಪಡಣೆ ಮುಂದುವರಿಯಿತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಎಂಡೋಸಲ್ಫಾನನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರ್ಕಾರಕ್ಕೆ ಆದೇಶಿಸಿತು. ಆದರೆ ಆ ಆದೇಶ ಪರಿಹಾರದ್ದು, ಶಿಕ್ಷೆಯದಲ್ಲ.

ಸ್ಫೋಟಕರ್ಮಕ್ಕೆ ಸಾಕ್ಷಿ ಬಳ್ಳಾರಿ. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಒಪ್ಪಿಸಿದರು. ಎರಡೇ ದಿನಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಮೊಕದ್ದಮೆಗಳೂ ನಡೆದವು. ಅವುಗಳ ಆರೋಪಗಳನ್ನು ಗಮನಿಸಬೇಕು: ವಂಚನೆ, ಒಳಸಂಚು, ಕಳವು, ಸುಳ್ಳು ದಾಖಲೆ. ಬೇಲೆಕೇರಿ ಬಂದರಿನ ಪ್ರಕರಣವು ಜಪ್ತಿ ಮಾಡಿದ್ದ ಅದಿರು ಕಾಣೆಯಾದುದಕ್ಕೆ. ಕಾನೂನಿನ ಕಣ್ಣಿಗೆ ಕಳೆದುಹೋದದ್ದು ಅದಿರು, ಅದರ ಬೆಲೆ, ಸರ್ಕಾರದ ರಾಜಧನ. ಬೆಟ್ಟವೇ ಕಳೆದುಹೋಯಿತೆಂಬ ಆರೋಪಪಟ್ಟಿಯನ್ನು ಬರೆಯಲು ಅದಕ್ಕೆ ಪದವಿಲ್ಲ. ‘ಪರಿಸರಹತ್ಯೆ’ ಕೊಡಬಲ್ಲದ್ದು ಆ ಪದವನ್ನು.

ಜಗತ್ತು ಪದ ಹುಡುಕುತ್ತಿರುವಾಗ ಭಾರತ ಏನು ಮಾಡಿತು? ಇದ್ದ ಶಿಕ್ಷೆಯನ್ನೂ ತೆಗೆದುಹಾಕಿತು. ಭೋಪಾಲ್ ದುರಂತದ ನೆನಪು ಹಸಿಯಾಗಿದ್ದ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರ 15ನೆಯ ಕಲಮು ಐದು ವರ್ಷಗಳ ಸೆರೆವಾಸಕ್ಕೆ ಅವಕಾಶ ಕೊಟ್ಟಿತ್ತು. 2023ರ ಜನವಿಶ್ವಾಸ ಕಾಯ್ದೆ ವ್ಯವಹಾರ ಸುಗಮವಾಗಬೇಕೆಂಬ ಕಾರಣ ಕೊಟ್ಟು ಆ ಸೆರೆವಾಸವನ್ನು ಅಳಿಸಿತು. ಈಗ ಉಳಿದಿರುವುದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ. ಕಟ್ಟಬೇಕಾದ ದಂಡವನ್ನು ಕಟ್ಟದಿದ್ದರೆ ಮಾತ್ರ ಮೂರು ವರ್ಷಗಳವರೆಗೆ ಸೆರೆಯಾಗಬಹುದು. ನೆಲಕ್ಕೆ ವಿಷವಿಕ್ಕಿದವನಿಗಿಲ್ಲದ ಜೈಲು ಬಾಕಿದಾರನಿಗಿದೆ. 15 ಲಕ್ಷಕ್ಕೆ ಒಂದು ನದಿಯನ್ನು ಕೆಡಿಸಿದ ಲೆಕ್ಕ ತೀರಬಹುದು.

ಕಾಗದಪತ್ರದ ಸಣ್ಣ ಲೋಪಗಳಿಗೆ ಜೈಲು ಬೇಡವೆಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ. ಅರ್ಜಿ ತಡವಾದುದಕ್ಕೆ ಸಣ್ಣ ಉದ್ಯಮಿಯನ್ನು ಸೆರೆಗೆ ತಳ್ಳುವುದು ಅನ್ಯಾಯವೇ. ಆದರೆ ತಿದ್ದುಪಡಿ ಮಾಡಿದವರು ಅರ್ಜಿ ತಡಮಾಡಿದವನನ್ನೂ ಕೆರೆಗೆ ವಿಷ ಬಿಟ್ಟವನನ್ನೂ ಬೇರೆಮಾಡದೆ ಒಂದೇ ಕಲಮಿನಲ್ಲಿ ಬಿಡುಗಡೆ ಮಾಡಿದರು. ಹತ್ತನೆಯ ಶತಮಾನದಲ್ಲಿ ರಾಜನೀತಿಯನ್ನು ಕುರಿತು ನೀತಿವಾಕ್ಯಾಮೃತ ಬರೆದ ಸೋಮದೇವಸೂರಿಗಳು ಜೈನ ಮುನಿಗಳು. ದೋಷಕ್ಕೆ ತಕ್ಕಂತೆ ದಂಡ ವಿಧಿಸುವುದೇ ದಂಡನೀತಿ ಎಂಬುದು ಅವರ ಮತ. ಆ ಅಳತೆಗೋಲಿನಲ್ಲಿ ಅಳೆದರೆ ಈ ತಿದ್ದುಪಡಿ ನೀತಿಯೂ ಅಲ್ಲ, ದಂಡವೂ ಅಲ್ಲ.

ಪರಿಸರಹತ್ಯೆಯ ಕಾನೂನು ಬಡ ದೇಶಗಳ ಅಭಿವೃದ್ಧಿಗೆ ಶ್ರೀಮಂತ ದೇಶಗಳು ಹೂಡಿದ ಸಂಚೆಂಬ ಆಕ್ಷೇಪವೂ ಕೇಳಿಬರುತ್ತದೆ. ಸಂಗತಿ ತಿರುಗುಮುರುಗಾಗಿದೆ. ಈ ಪದ ಹುಟ್ಟಿದ್ದು ಅಮೆರಿಕ ಮಾಡಿದ ನಾಶವನ್ನು ಹೆಸರಿಸಲು. ಪ್ರಸ್ತಾವ ಮಂಡಿಸಿದವು ಸಮುದ್ರಕ್ಕೆ ಹೆದರಿ ಬದುಕುವ ಪುಟ್ಟ ದ್ವೀಪಗಳು. ತಜ್ಞರ ವ್ಯಾಖ್ಯೆಯೂ ಎಲ್ಲ ಗಣಿ, ಎಲ್ಲ ಅಣೆಕಟ್ಟುಗಳನ್ನು ಅಪರಾಧವೆನ್ನುವುದಿಲ್ಲ. ಕಾನೂನುಬದ್ಧವಾದ ಕೆಲಸವಾದರೆ, ನಿರೀಕ್ಷಿತ ಸಾಮಾಜಿಕ ಮತ್ತು ಆರ್ಥಿಕ ಪ್ರಯೋಜನಕ್ಕಿಂತ ಹಾನಿ ಸ್ಪಷ್ಟವಾಗಿ ಮಿತಿಮೀರಿದ್ದೂ ಅದನ್ನು ಲೆಕ್ಕಿಸದೆ ಮುಂದುವರಿದಾಗ ಮಾತ್ರ ಅಪರಾಧವೆನ್ನುತ್ತದೆ.

ಇನ್ನು ಭೋಪಾಲನ್ನು ನೆನೆಯಬೇಕು. 1984ರ ಡಿಸೆಂಬರ್ 2ರ ಆ ರಾತ್ರಿಯ ವಿಷಾನಿಲಕ್ಕೆ ಬೆಲೆ ಕಟ್ಟಿ 1989ರಲ್ಲಿ 47 ಕೋಟಿ ಡಾಲರಿಗೆ ಒಪ್ಪಂದವಾಯಿತು. 2010ರ ಜೂನಿನಲ್ಲಿ ಶಿಕ್ಷೆಗೊಳಗಾದ ಭಾರತೀಯ ಅಧಿಕಾರಿಗಳಿಗೆ ಸಿಕ್ಕಿದ್ದು ಎರಡು ವರ್ಷ, ಜಾಮೀನೂ ಅಂದೇ ದೊರೆಯಿತು. ಕಂಪನಿಯ ಅಮೆರಿಕನ್ ಅಧ್ಯಕ್ಷ ವಾರನ್ ಆಂಡರ್ಸನ್ ಭಾರತದ ನ್ಯಾಯಾಲಯಕ್ಕೆ ಮುಖ ತೋರಿಸದೆಯೇ 2014ರಲ್ಲಿ ತೀರಿಕೊಂಡರು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಹಿಂದಿನ ಘಟನೆಗಳನ್ನು ವಿಚಾರಿಸಲಾರದು, ಕಂಪನಿಗಳನ್ನೂ ವಿಚಾರಿಸಲಾರದು. ಆದರೆ ಸದಸ್ಯ ರಾಷ್ಟ್ರದ ನೆಲದಲ್ಲಿ ಅಪರಾಧ ಮಾಡಿದ ವಿದೇಶಿ ವ್ಯಕ್ತಿಯನ್ನು ಅದು ವಿಚಾರಿಸಬಲ್ಲದು. ಮುಂದಿನ ಭೋಪಾಲದ ಹೊಣೆಗಾರ ಸಾಗರದಾಚೆಗೆ ಓಡಿಹೋಗದಂತೆ ತಡೆಯುವ ಬಾಗಿಲು ಅದು. 1998ರಲ್ಲಿ ಮತದಾನದಿಂದ ದೂರ ಉಳಿದ ಭಾರತ ಇಂದಿಗೂ ಆ ಶಾಸನದ ಸದಸ್ಯನಲ್ಲ. ಹಾಗಾದರೆ ಈ ಗೈರುಹಾಜರಿ ಕಾಪಾಡುತ್ತಿರುವುದು ಯಾರನ್ನು?

ಭಲಸ್ವಾದ ಕಸದ ಬೆಟ್ಟ ಹೇಗ್ ನಗರದವರೆಗೆ ಹೋಗುವುದಿಲ್ಲವೆಂಬುದು ನಿಜ. ಅಂತರರಾಷ್ಟ್ರೀಯ ಅಪರಾಧದ ಮಟ್ಟ ಎತ್ತರವಾಗಿಯೇ ಇರಬೇಕು. ಆದರೆ ಮೇಲೆ ತೊಲೆ ಇದ್ದರೆ ಕೆಳಗೆ ಗೋಡೆ ನಿಲ್ಲುತ್ತದೆ. ಜನಾಂಗಹತ್ಯೆ ಅಪರಾಧವೆಂದು 1948ರಲ್ಲಿ ಜಗತ್ತು ಒಪ್ಪಿದ ಮೇಲೆಯೇ ಅನೇಕ ದೇಶಗಳು ತಮ್ಮ ದಂಡಸಂಹಿತೆಯಲ್ಲಿ ಅದಕ್ಕೆ ಸ್ಥಾನ ಕೊಟ್ಟವು. ಹೇಗ್‌ನಲ್ಲಿ ಪರಿಸರಹತ್ಯೆಗೆ ಹೆಸರು ಬಂದರೆ, ರೋಹಿಣಿಯ ನ್ಯಾಯಾಲಯದಲ್ಲಿ ಅದರ ಕಿರಿಯ ರೂಪಕ್ಕೆ ಒಂದು ಕಲಮು ಬರಲು ದಾರಿಯಾಗುತ್ತದೆ.

ಜೈನಧರ್ಮ ಕ್ಷಮೆಯ ಧರ್ಮ, ಅದು ಶಿಕ್ಷೆಯನ್ನು ಕೇಳಬಹುದೇ ಎಂಬ ಪ್ರಶ್ನೆ ಸಮಾಜದೊಳಗಿನದು. ಕ್ಷಮಾವಣಿಯ ದಿನ ಸಕಲ ಜೀವಿಗಳ ಕ್ಷಮೆ ಬೇಡುವುದು ನಿಜವಾಗಿಯೂ ಹಿರಿದಾದ ಆಚರಣೆ. ಆದರೆ ಪ್ರತಿಕ್ರಮಣದಲ್ಲಿ ಮೊದಲಿಗೆ ಬರುವುದು ಆಲೋಚನೆ, ಅಂದರೆ ಮಾಡಿದ ದೋಷವನ್ನು ಗುರುವಿನ ಮುಂದೆ ಬಾಯಿಬಿಟ್ಟು ಒಪ್ಪುವುದು. ಅನಂತರ ಪ್ರಾಯಶ್ಚಿತ್ತ, ಮತ್ತೆ ಮಾಡೆನೆಂಬ ಪ್ರತ್ಯಾಖ್ಯಾನ. ದೋಷವನ್ನು ಹೆಸರಿಸದೆ ಬೇಡುವ ಕ್ಷಮೆ ವರ್ಷಕ್ಕೊಮ್ಮೆ ಖಾತೆ ತೊಳೆಯುವ ಉಪಾಯವಷ್ಟೆ. ಅಲ್ಲದೆ ಕ್ಷಮಿಸುವ ಹಕ್ಕಿರುವುದು ನೊಂದವನಿಗೆ. ಭಲಸ್ವಾದ ತಾಯಂದಿರ ಪರವಾಗಿ, ಪಡ್ರೆಯ ಮಕ್ಕಳ ಪರವಾಗಿ ಕ್ಷಮಿಸಲು ಇತರರಿಗೆ ಅಧಿಕಾರ ಕೊಟ್ಟವರಾರು?

ಸಮಾಜಕ್ಕೆ ಶಕ್ತಿಯಿಲ್ಲವೆಂದು ಹೇಳುವಂತಿಲ್ಲ. ಸಮ್ಮೇದ ಶಿಖರಜಿಯನ್ನು ಪ್ರವಾಸಿ ತಾಣವಾಗಿಸುವ ಸುದ್ದಿ ಬಂದಾಗ, 2023ರ ಹೊಸ ವರ್ಷದ ದಿನ ದೆಹಲಿಯ ಜೈನರು ಇಂಡಿಯಾ ಗೇಟಿನ ಬಳಿ ನೆರೆದರು. ಜನವರಿ 5ರಂದು ಕೇಂದ್ರ ಪರಿಸರ ಸಚಿವಾಲಯ ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ಹಾಕಿತು. ಒಂದು ಬೆಟ್ಟಕ್ಕಾಗಿ ದೇಶವನ್ನೇ ಅಲುಗಿಸಬಲ್ಲವರು ಇನ್ನೊಂದು ಬೆಟ್ಟವನ್ನು ನೋಡಿ ಮೂಗು ಮುಚ್ಚಿಕೊಂಡು ಹೋಗುವುದೇಕೆ? ತೀರ್ಥಂಕರರ ಪಾದ ಸೋಕಿದ ನೆಲದಲ್ಲಿ ಮಾತ್ರ ಪೃಥ್ವೀಕಾಯ ಜೀವಗಳಿವೆಯೇ? ಕೆಂಪುಕೋಟೆಯ ಎದುರಿನ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯಲ್ಲಿ ಒಂದೊಂದು ಪಾರಿವಾಳಕ್ಕೂ ಔಷಧ ಹಾಕುವ ಕರುಣೆ ದೊಡ್ಡದು. ಅದೇ ಪಾರಿವಾಳ ಉಸಿರಾಡುವ ಗಾಳಿಯನ್ನು ಕೆಡಿಸಿದವರ ಬಗ್ಗೆ ಮೌನ ತಾಳಿದರೆ ಆ ಕರುಣೆ ಅರ್ಧಕ್ಕೇ ನಿಂತಂತೆ.

1990ರಲ್ಲಿ ನ್ಯಾಯಶಾಸ್ತ್ರಜ್ಞ ಎಲ್. ಎಂ. ಸಿಂಘ್ವಿಯವರು ಬರೆದ, ಪ್ರಕೃತಿಯನ್ನು ಕುರಿತ ಜೈನ ಘೋಷಣೆಯನ್ನು ಲಂಡನ್ನಿನಲ್ಲಿ ರಾಜಕುಮಾರ ಫಿಲಿಪ್ ಅವರಿಗೆ ಅರ್ಪಿಸಲಾಯಿತು. ಘೋಷಣೆಗಳ ಕಾಲ ಅಲ್ಲಿಗೆ ಮುಗಿಯಬೇಕಿತ್ತು. ಈಗ ಆಗಬೇಕಾದುದು ಮೂರು ಕೆಲಸ. ಮೊದಲನೆಯದು, ಅಖಿಲ ಭಾರತ ಮಟ್ಟದ ಜೈನ ಸಂಸ್ಥೆಗಳು, ಪಂಥಭೇದವಿಲ್ಲದೆ, ವನುವಾಟು ಮುಂತಾದ ರಾಷ್ಟ್ರಗಳ ಪ್ರಸ್ತಾವವನ್ನು ಭಾರತ ಬೆಂಬಲಿಸಬೇಕೆಂದು ಸರ್ಕಾರವನ್ನು ಲಿಖಿತವಾಗಿ ಒತ್ತಾಯಿಸಬೇಕು. ಎರಡನೆಯದು, ತಿಳಿದೂ ಮಾಡಿದ ಘೋರ ಪರಿಸರಹಾನಿಗೆ ಸೆರೆವಾಸವನ್ನು ಮರಳಿ ತರುವ ಪ್ರತ್ಯೇಕ ಕಲಮನ್ನು ಸಂಸತ್ತಿನಿಂದ ಕೇಳಬೇಕು.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಅದು ಮನೆಯ ಕೆಲಸ. ಮಾಲಿನ್ಯಕ್ಕಾಗಿ ನ್ಯಾಯಾಲಯವೋ ಹಸಿರು ನ್ಯಾಯಮಂಡಳಿಯೋ ತಪ್ಪಿತಸ್ಥನೆಂದು ಹೇಳಿದ ಉದ್ಯಮಿಯಿಂದ, ಅವನು ಆ ಹಾನಿಯನ್ನು ಸರಿಪಡಿಸುವವರೆಗೆ, ಯಾವ ಜಿನಾಲಯವೂ ದಾನ ಸ್ವೀಕರಿಸಬಾರದು. ಪಂಚಕಲ್ಯಾಣದಲ್ಲಿ ಅವನನ್ನು ಇಂದ್ರನ ಪೀಠದಲ್ಲಿ ಕೂರಿಸಬಾರದು. ಅಭಿಷೇಕದ ಕಲಶದ ಸವಾಲಿನಲ್ಲಿ ಅವನ ಕೂಗಿಗೆ ಕಿವಿಗೊಡಬಾರದು. ಇದು ಯಾವ ಸಂಸತ್ತಿನ ಒಪ್ಪಿಗೆಗೂ ಕಾಯಬೇಕಾದುದಲ್ಲ, ರೋಹಿಣಿಯ ಒಂದು ಮಂದಿರದ ಟ್ರಸ್ಟು ಬರುವ ಭಾದ್ರಪದದಲ್ಲೇ ನಿರ್ಣಯಿಸಬಹುದಾದುದು. ಅನುಮೋದನೆಯೂ ಹಿಂಸೆಯೇ ಎಂದ ಧರ್ಮದಲ್ಲಿ ಅಂಥವನಿಗೆ ಹೂಮಾಲೆ ಹಾಕುವ ಕೈಯೂ ಲೆಕ್ಕಕ್ಕೆ ಬರುತ್ತದೆ.

ಕಟಕಟೆಯಲ್ಲಿ ಮೊಬೈಲು ಕಳ್ಳನೊಬ್ಬನೇ ನಿಂತಿರುವ ನ್ಯಾಯಾಲಯವನ್ನು ನೋಡಿ ನಗುವ ಮೊದಲು ಸಮಾಜ ತನ್ನ ಸಭಾಮಂಟಪದ ಮುಂದಿನ ಸಾಲಿನಲ್ಲಿ ಕುಳಿತವರು ಯಾರೆಂದು ನೋಡಿಕೊಳ್ಳಲಿ.